ಲೈಸನ್ನಿನಲ್ಲಿ ವತನದ ಖಾನೆ

ನನ್ನ ಗಂಡ ಕುಷ್ಟಗಿಯಿಂದ ಯಲಬುರ್ಗಾ, ಕುಕನೂರು ದಾಟಿ ಕೊಪ್ಪಳದವರೆಗೆ ಮೋಟಾರು ನಡೆಸುತ್ತಿದ್ದರು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಲಿ ಗ್ಯಾಸಿನ ಮೇಲೆ ಗಾಡಿ ಓಡಿಸಿದ್ದರು. ಆ ಹೊಗೆಯ ವಾಸನೆ ಯುದ್ಧ ಮುಗಿದ ಮೇಲೂ ಅವರ ಅಂಗಿಗಳಿಂದ ಹೋಗಲಿಲ್ಲ. ಒಂದು ಅಂಗಿ ನನ್ನ ಟ್ರಂಕಿನಲ್ಲಿ ಉಳಿದಿದೆ. ಅದರಲ್ಲಿ ವಾಸನೆ ಈಗ ಇದೆಯೋ, ಇದೆ ಎಂದು ನನಗೆ ಅನಿಸುತ್ತದೆಯೋ, ಹೇಳಲು ಬರುವುದಿಲ್ಲ.

ಅವರ ಊರು ಗಜೇಂದ್ರಗಡದ ಆಚೆ. ಕುಷ್ಟಗಿಯಿಂದ ನಸುಕಿನಲ್ಲಿ ನಡೆಯಲು ಶುರು ಮಾಡಿದರೆ ಹೊತ್ತು ಮುಳುಗುವುದರೊಳಗೆ ಮುಟ್ಟಬಹುದು. ಅಲ್ಲಿಯೂ ಇದೇ ಕರಿ ನೆಲ, ಇದೇ ಜೋಳ, ಇದೇ ಮಾತು. ಆದರೆ ನಡುವೆ ಒಂದು ಹಳ್ಳವಿತ್ತು. ಹಳ್ಳದ ದಂಡೆಯಲ್ಲಿ ನಾಕಾ, ನಾಕಾದ ಮುಂದೆ ದಾರಿಗೆ ಅಡ್ಡವಾಗಿ ಒಂದು ಬಿದಿರಿನ ಗಳ. ಗಳದ ಈಚೆ ನಿಜಾಮರ ಸರ್ಕಾರ, ಆಚೆ ಇಂಗ್ರೇಜಿ ಸರ್ಕಾರ. ಹತ್ತು ವರ್ಷ ಈಚೆ ಬಾಳುವೆ ಮಾಡಿದರೂ ಕಾಗದದ ಮೇಲೆ ನನ್ನ ಗಂಡ ಗೈರ್ ಮುಲ್ಕಿ, ಎಂದರೆ ಹೊರನಾಡಿನವರು. ಮೋಟಾರು ನಡೆಸುವ ಲೈಸನ್ನನ್ನು ಎಲ್ಲ ಡ್ರೈವರರೂ ವರ್ಷಕ್ಕೊಮ್ಮೆ ಹೊಸದು ಮಾಡಿಸುತ್ತಿದ್ದರು. ನನ್ನ ಗಂಡನ ಕಾಗದ ಮಾತ್ರ ಠಾಣೆಗೂ ಹೋಗಿ ಅಲ್ಲಿಯ ಅಧಿಕಾರಿ ಅಮೀನರ ಸಿಕ್ಕಾ ಒತ್ತಿಸಿಕೊಂಡು ಬರಬೇಕಿತ್ತು. ಮೊದಲೆಲ್ಲ ಅದೇನು ದೊಡ್ಡ ಮಾತಾಗಿರಲಿಲ್ಲ. ಹೋಗಿ ಒಂದು ಗಳಿಗೆ ನಿಂತು ಬರುತ್ತಿದ್ದರು.

ನಮ್ಮ ಅಂಗಳಕ್ಕೆ ಬೆನ್ನು ಹಚ್ಚಿದ ಮನೆಯಲ್ಲಿ ಇನ್ನೊಬ್ಬ ಡ್ರೈವರರಿದ್ದರು. ಹುಲಿಹೈದರದ ಕಡೆಯವರು, ಇದೇ ಮುಲಕಿನವರು, ನನ್ನ ಗಂಡನ ಗೆಳೆಯರು. ಅವರಿಬ್ಬರೂ ಒಂದೇ ಮಾಲಕರ ಗಾಡಿಗಳನ್ನು ನಡೆಸುತ್ತಿದ್ದರು. ಸಂಜೆ ನಡುವಿನ ಮೋಟುಗೋಡೆಯ ಮೇಲೆ ಕುಳಿತು ಒಂದೇ ಬೆಂಕಿಕಡ್ಡಿಯಲ್ಲಿ ಇಬ್ಬರೂ ಬೀಡಿ ಹಚ್ಚುತ್ತಿದ್ದರು. ಲೈಸನ್ನಿನ ದಿನ ಹತ್ತಿರ ಬಂದರೆ ಆ ಗೆಳೆಯರು ಚೇಷ್ಟೆ ಮಾಡುತ್ತಿದ್ದರು.

"ಏ ಪರದೇಶಿ, ಈ ವರ್ಷರ ನಿನ್ನ ಇಟಗೋತಾರೋ, ಗಳಾ ಎತ್ತಿ ಆಚಿ ಕಡಿ ನೂಕತಾರೋ?"

"ನನ್ನ ನೂಕಿದ್ರ ನಿನ್ನ ಗಾಡಿ ಬ್ರೇಕು ಯಾರ ನೋಡ್ತಾರಲೇ? ದಿಬ್ಬಾ ಇಳಿಯೂ ಮುಂದ ನಿನಗ ಮನಿದೇವ್ರು ನೆನಪಾಗ್ತಾನ."

ಈ ಮಾತನ್ನು ಓಣಿಯವರೆಲ್ಲ ಕೇಳುತ್ತಿದ್ದರು. ಪರದೇಶಿ ಎಂದದ್ದನ್ನು ಅವರು ಆಮೇಲೆ ನೆನಪಿಟ್ಟುಕೊಂಡರು. ನಕ್ಕದ್ದನ್ನು ಮರೆತರು.

ನಲವತ್ತೇಳರ ಮಳೆಗಾಲದಲ್ಲಿ ಹಳ್ಳದ ಆಚೆಗೆ ಸ್ವಾತಂತ್ರ್ಯ ಬಂತು. ಈಚೆಗೆ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಗಳ ಹಗಲೂ ಇಳಿದೇ ಇರತೊಡಗಿತು. ನನ್ನ ಗಂಡ ಬಂದು ಹೇಳುತ್ತಿದ್ದ ಸುದ್ದಿಗಳು ಚಿಕ್ಕವಾಗುತ್ತ ಬಂದವು. ಯಲಬುರ್ಗಾದ ಹತ್ತಿರ ಗಾಡಿ ನಿಲ್ಲಿಸಿ ಎಲ್ಲರ ಗಂಟು ಬಿಚ್ಚಿಸಿದರು ಎಂದು ಒಂದು ದಿನ. ಇವತ್ತು ಏಳೇ ಜನ ಕುಳಿತಿದ್ದರು ಎಂದು ಒಂದು ದಿನ. ಕಡೆಗೆ ಬಂದವರೇ ಕೈಕಾಲು ತೊಳೆದು ಉಣ್ಣಲು ಕೂಡುತ್ತಿದ್ದರು. ಎದುರು ಮನೆಯವರು ಎರಡು ಬಂಡಿಯಲ್ಲಿ ಸಾಮಾನು ಹೇರಿಕೊಂಡು ಸಂಬಂಧಿಕರ ಮದುವೆಗೆ ಎಂದು ಹೋದರು. ಬೀಸುವ ಕಲ್ಲನ್ನೂ ಹೇರಿಕೊಂಡಿದ್ದರು.

ಲೈಸನ್ನಿನ ಮುದ್ದತ್ತು ಮುಗಿಯಲು ಬಂದಿತ್ತು. ಈ ಸಲ ಸಿಕ್ಕಾ ಹಾಕುವ ಮೊದಲು ಮನೆಗೆ ಬಂದು ವಿಚಾರಣೆ ಮಾಡುತ್ತಾರೆ ಎಂದು ಹೇಳಿ ಕಳಿಸಿದ್ದರು. ವಿಚಾರಣೆಗೆ ಬಂದವರು ಠಾಣೆಯ ಒಬ್ಬ ಜವಾನರು, ನನಗೆ ಮುಖಪರಿಚಯದವರು. ನಾನು ಹಂಚಿನ ಮೇಲೆ ರೊಟ್ಟಿ ಹಾಕಿದ್ದೆ. ಗಂಡ ಗಾಡಿಯ ಮೇಲೆ ಹೋಗಿದ್ದರು. ಜವಾನರು ಕಟ್ಟೆಯ ಮೇಲೆ ಕುಳಿತು ನೀರು ಕೇಳಿ ಕುಡಿದರು. ಎಷ್ಟು ವರ್ಷವಾಯಿತು, ಮನೆ ಸ್ವಂತದ್ದೋ ಬಾಡಿಗೆಯದೋ, ಮಕ್ಕಳೆಷ್ಟು ಎಂದು ಕೇಳಿದರು. ಮಕ್ಕಳಿಲ್ಲ ಎಂದೆ. ಆಮೇಲೆ ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿಕೊಂಡು ಕೇಳಿದರು.

"ಅಕ್ಕಾರ, ನಿಮ್ಮ ಮನಿಯವರ ವತನ ಎಲ್ಲೈತಿ?"

ನಾನು ಖಾಸಗಿ ಕನ್ನಡ ಸಾಲಿಯಲ್ಲಿ ನಾಲ್ಕು ಇಯತ್ತೆ ಓದಿದವಳು. ಉರ್ದು ಬಾರದು. ನಮ್ಮಲ್ಲಿ ವತನ ಎಂದರೆ ಗೌಡಕಿಗೋ ಕುಲಕರ್ಣಿಕಿಗೋ ಸರ್ಕಾರ ಬಿಟ್ಟುಕೊಟ್ಟ ಪರಂಪರೆಯ ಹೊಲ. ವತನ ಇದ್ದ ಮನೆಗೆ ಊರಲ್ಲಿ ಒಂದು ಮರ್ಯಾದೆ. ನನ್ನನ್ನು ಡ್ರೈವರನಿಗೆ ಕೊಟ್ಟರು ಎಂದು ಅಳವಂಡಿಯ ನನ್ನ ತವರಿನಲ್ಲಿ ಚಿಕ್ಕಮ್ಮಂದಿರು ಆಡಿಕೊಳ್ಳುತ್ತಿದ್ದರು. ಗಾಲಿಯ ಮೇಲಿನ ಸಂಸಾರ ಎನ್ನುತ್ತಿದ್ದರು. ಆ ಮಾತು ನನ್ನೊಳಗೆ ಹತ್ತು ವರ್ಷದಿಂದ ಇತ್ತು. ಸರ್ಕಾರದ ಮನುಷ್ಯನೇ ಬಂದು ವತನ ಕೇಳಿದಾಗ ನನಗೆ ಹೆಮ್ಮೆಯಾಯಿತು.

"ಗಜೇಂದ್ರಗಡದ ಆಚಿ ಐತ್ರಿ," ಎಂದೆ. "ಗೌಡಕಿ ವತನ. ಭಾಳ ಹಳೇದು."

"ಈಗೂ ಐತೇನ್ರಿ?"

"ಐತ್ರಿ. ಅಣ್ಣ ತಮ್ಮರು ಪಾಲಾಗಿಲ್ಲ. ಸುಗ್ಗಿಗೆ ಇವ್ರು ಹೋಗಿ ಬರ್ತಾರ."

ಹೋಗಿ ಬರುತ್ತಾರೆ ಎಂಬುದು ಸುಳ್ಳು. ನನ್ನ ಗಂಡ ಅಣ್ಣನ ಜೊತೆ ಜಗಳವಾಡಿ, ವತನದ ಪಾಲು ಬೇಡವೆಂದು ಮನೆ ಬಿಟ್ಟು ಬಂದವರು. ಅಂದಿನಿಂದ ಆ ಕಡೆ ತಲೆ ಹಾಕಿರಲಿಲ್ಲ. ಜವಾನರು ಬಹಳ ಹೊತ್ತು ಬರೆದರು. ಬರೆದದ್ದು ಬಲದಿಂದ ಎಡಕ್ಕೆ ಹೋಗುವುದನ್ನು ನಾನು ನೋಡುತ್ತ ನಿಂತಿದ್ದೆ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿತು.

ಮೂರು ದಿನ ಬಿಟ್ಟು ನನ್ನ ಗಂಡ ಸಂಜೆ ನಗುತ್ತ ಮನೆಗೆ ಬಂದರು. ಲೈಸನ್ನಿನ ಅರ್ಜಿ ಬರೆಸಿ ಬಂದಿದ್ದರು. ಬಹಳ ದಿನದ ಮೇಲೆ ನಕ್ಕದ್ದು.

"ಅರ್ಜ್ಯಾಗ ವತನ ಅಂತ ಒಂದ ಖಾನೆ ಐತಿ. ಬರಿಯೂ ಮುನ್ಶಿ ಕೇಳಿದ, ವತನ ಏನು ಅಂತ. ಅದು ನಮ್ಮಣ್ಣನ ಹೆಸರಿಲೆ ಐತಿ, ನಂದೇನಿಲ್ರೀ ಅಂದೆ. ಅವ ನಕ್ಕೂ ನಕ್ಕೂ ಸಾಕಾದ. ವತನ ಅಂದ್ರ ಹೊಲಾ ಅಲ್ಲೋ ಮಾರಾಯಾ, ಉರ್ದುದಾಗ ವತನ ಅಂದ್ರ ನಿನ್ನ ದೇಶ, ನೀ ಎಲ್ಲಿಯಂವ ಅನ್ನೂದು. ಹತ್ತ ವರ್ಷ ಇಲ್ಲೇ ಅದೀ, ಕುಷ್ಟಗಿ ಅಂತ ಬರೀಲೇನು ಅಂದ. ಬರೀರಿ ಅಂದೆ." ಇನ್ನೊಂದು ರೊಟ್ಟಿಗೆ ಕೈ ಚಾಚಿದರು. "ನಾನೂ ಕುಷ್ಟಗಿಯಂವ ಆದೆ ನೋಡು."

ಜವಾನರು ಕೇಳಿದ್ದೂ ಹೊಲವನ್ನಲ್ಲ ಎಂದು ಆಗ ನನಗೆ ತಿಳಿಯಿತು. ರೊಟ್ಟಿ ಹಾಕಿದೆ, ಪಲ್ಯ ಬಡಿಸಿದೆ. ಜವಾನರು ಬಂದಿದ್ದರು, ನಾನು ಹೀಗೆ ಹೇಳಿದೆ ಎನ್ನಲು ಬಾಯಿ ಬರಲಿಲ್ಲ. ಅವರು ಬೇಡವೆಂದು ಬಿಟ್ಟುಬಂದ ವತನವನ್ನು ನಾನು ಹೊಸ್ತಿಲಲ್ಲಿ ನಿಂತು ಹೊಗಳಿಕೊಂಡಿದ್ದೆ. ಅದಕ್ಕೆ ಅವರು ಬೈಯುತ್ತಾರೆ ಎಂಬುದಷ್ಟೇ ನನ್ನ ಅಂಜಿಕೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಹೇಳಿದ್ದರೆ ಮರುದಿನವೇ ಠಾಣೆಗೆ ಹೋಗಿ ನನ್ನ ಹೆಂಡತಿ ತಪ್ಪು ತಿಳಿದುಕೊಂಡಳು ಎನ್ನುತ್ತಿದ್ದರು. ಮುನ್ಶಿಯೂ ಹಾಗೆಯೇ ನಕ್ಕಿದ್ದನಲ್ಲ, ಅಮೀನರೂ ನಗುತ್ತಿದ್ದರೇನೋ.

ಮರುವಾರ ಠಾಣೆಯಿಂದ ಕರೆ ಬಂತು. ಹೋದವರು ತಿರುಗಿ ಬಂದಾಗ ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ ಇರಲಿಲ್ಲ. ಡ್ರೈವರರಿಗೆ ಸರ್ಕಾರ ಕೊಡುವ ನಂಬರಿನ ಬಿಲ್ಲೆ ಅದು. ವಾರಕ್ಕೊಮ್ಮೆ ನಾನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಅಂಗಿಯ ಮೇಲೆ ಅದು ಇದ್ದಷ್ಟು ಜಾಗ ಮಾತ್ರ ಬಣ್ಣ ಮಾಸದೆ ಉಳಿದಿತ್ತು. ಬಿಲ್ಲೆಯನ್ನೂ ಹಳೆಯ ಲೈಸನ್ನನ್ನೂ ಅಮೀನರು ಇಟ್ಟುಕೊಂಡಿದ್ದರು. ನೀನು ಬರೆಸಿದ್ದು ಒಂದು, ನಮಗೆ ಬಂದ ಸುದ್ದಿ ಇನ್ನೊಂದು ಎಂದಿದ್ದರಂತೆ. ಯಾರು ಹೇಳಿದರು ಎಂದು ಕೇಳಿದರೆ, ಅದು ನಿನಗೆ ಬೇಕಿಲ್ಲ ಎಂದರಂತೆ. ಆಚೆಯ ಊರಿನಲ್ಲಿ ಪಾಲು ಇಲ್ಲ, ಹೋಗಿ ಬರುವುದು ಇಲ್ಲ ಎಂದು ಅಲ್ಲಿಯ ಪಂಚರ ಸಹಿಯ ಕಾಗದ ತರಬೇಕು. ಹತ್ತು ದಿನದ ಗಡುವು. ತರದಿದ್ದರೆ ಲೈಸನ್ನು ಇಲ್ಲ, ನಾಕಾದ ಈಚೆ ಇರುವ ಹಾಗೂ ಇಲ್ಲ.

ಹೋಗಿ ಬರುವುದಿಲ್ಲ ಎಂದು ತೋರಿಸಲು ಹೋಗಿ ಬರಬೇಕಾಗಿತ್ತು. ಅದನ್ನು ಅವರೇ ಅಂದು, ನಗದೆ, ಗೋಡೆಗೆ ಒರಗಿ ಕುಳಿತರು.

"ನನ್ನ ವತನದ ಸುದ್ದಿ ಈ ಊರಾಗ ಇಬ್ಬರಿಗೇ ಗೊತ್ತು. ನಿನಗ, ಅವಂಗ." ಮೋಟುಗೋಡೆಯ ಕಡೆ ಗೋಣು ಮಾಡಿದರು. "ನೀ ಅಂತೂ ಹೇಳಾಕಿ ಅಲ್ಲ."

ನಾನು ಒಲೆಗೆ ಕಟ್ಟಿಗೆ ಸರಿಸಿದೆ.

ಅಂದು ಸಂಜೆ ಗೆಳೆಯರು ಬೀಡಿ ಹಿಡಿದು ಗೋಡೆಯ ಹತ್ತಿರ ಬಂದರು. ಇವರು ಏಳಲಿಲ್ಲ. ಮರುದಿನ ಅವರು ಅಂಗಳಕ್ಕೇ ಬಂದು, ನಾಕಾದವರು ನನ್ನನ್ನು ಬಲ್ಲರು, ಹಳ್ಳದವರೆಗೆ ನಾನು ಜೊತೆಗೆ ಬರುತ್ತೇನೆ, ಒಬ್ಬನೇ ಹೋಗಬೇಡ ಎಂದರು. ನನ್ನ ಗಂಡ ಅವರ ಮುಖ ನೋಡದೆ, ನೀನು ಮಾಡಿದ್ದು ಸಾಕು ಎಂದರು. ಏನು ಮಾಡಿದೆ ಎಂದು ಅವರು ಎರಡು ಸಲ ಕೇಳಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಕೇರುವ ಮೊರದಲ್ಲಿ ಕಣ್ಣಿಟ್ಟಿದ್ದೆ.

ಮೂರನೆಯ ದಿನ ನಸುಕಿನಲ್ಲಿ ನನ್ನ ಗಂಡ ಹೊರಟರು. ಎಂಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಬಿಲ್ಲೆ ಇದ್ದ ಗುರುತಿನ ಅಂಗಿ ಬಿಟ್ಟು ಬೇರೆಯದು ತೊಟ್ಟರು. ಹೊಲದಲ್ಲಿ ಹಿಂಗಾರಿ ಜೋಳ ಆಳುದ್ದ ನಿಂತಿತ್ತು. ಓಣಿ ದಾಟಿ ಅವರು ದಾರಿಗೆ ಇಳಿದದ್ದೇ ಜೋಳ ಅವರನ್ನು ಮರೆ ಮಾಡಿತು. ನಾಲ್ಕನೆಯ ದಿನ ಸಂಜೆಗೆ ಬರುತ್ತೇನೆ ಎಂದಿದ್ದರು. ಹೇಳಬೇಕು ಎಂದು ನಾನು ಊರ ಅಗಸೆ ಬಾಗಿಲವರೆಗೂ ಹಿಂದೆ ಹೋಗಿದ್ದೆ. ಚಟ್ನಿಯ ಗಂಟು ಮೇಲೆ ಇಟ್ಟಿದ್ದೇನೆ, ಎಣ್ಣೆ ಸೋರೀತು ಎಂದಷ್ಟೇ ಹೇಳಿ ಬಂದೆ.

ನಾಲ್ಕನೆಯ ದಿನ ಬರಲಿಲ್ಲ. ಐದನೆಯ ದಿನ ಬರಲಿಲ್ಲ. ಆರನೆಯ ದಿನ ಗೆಳೆಯರು ಯಾರಿಗೂ ಹೇಳದೆ ಗಾಡಿ ನಿಲ್ಲಿಸಿ ಆ ದಾರಿ ಹಿಡಿದು ನಡೆದರು. ಮೂರು ದಿನ ತಿರುಗಿ ಬಂದರು. ಇವರು ಊರು ಮುಟ್ಟಿದ್ದು ನಿಜ, ಅಣ್ಣ ಜಗಳ ಮರೆತು ಪಂಚರನ್ನು ಕರೆಸಿ ಕಾಗದ ಮಾಡಿಸಿಕೊಟ್ಟದ್ದು ನಿಜ, ಅದನ್ನು ರುಮಾಲಿನಲ್ಲಿ ಇಟ್ಟುಕೊಂಡು ಹೊರಟದ್ದನ್ನು ಗಜೇಂದ್ರಗಡದಲ್ಲಿ ನೋಡಿದವರಿದ್ದರು. ಅಲ್ಲಿಂದ ಈಚೆ ನೋಡಿದವರಿಲ್ಲ. ನಾಕಾದಲ್ಲಿ, ಅಂಥವರು ಯಾರೂ ದಾಟಿಲ್ಲ ಎಂದರಂತೆ. ಗೆಳೆಯರ ಅಂಗಾಲು ಒಡೆದು ರಕ್ತ ಬಂದಿತ್ತು. ಅವರು ಇದನ್ನೆಲ್ಲ ನಮ್ಮ ಕಟ್ಟೆ ಹತ್ತದೆ ಅಂಗಳದಲ್ಲಿಯೇ ನಿಂತು ಹೇಳಿ ಹೋದರು.

ಆಮೇಲೆ ಓಣಿ ಮಾತಾಡತೊಡಗಿತು. ಯಾರೋ ಚಾಡಿ ಹೇಳಿದ್ದಾರೆ ಎಂದು ಮೊದಲು. ಪರದೇಶಿ ಪರದೇಶಿ ಎನ್ನುತ್ತಿದ್ದವನು ಯಾರು ಎಂದು ಆಮೇಲೆ. ಕೊಪ್ಪಳದ ದಾರಿಯ ಗಾಡಿ ಈಗ ಯಾರ ಕೈಗೆ ಬಂತು ನೋಡಿರಿ ಎಂದು ಕಡೆಗೆ. ಮಾಲಕರು ಆ ಗಾಡಿಯನ್ನು ಗೆಳೆಯರಿಗೆ ಕೊಟ್ಟಿದ್ದರು, ಬೇರೆ ಡ್ರೈವರರಿರಲಿಲ್ಲ. ನಮ್ಮ ಓಣಿಯವರು ಆ ಗಾಡಿಗೆ ಕೈ ಮಾಡುವುದನ್ನು ಬಿಟ್ಟರು. ಬಾವಿಯ ಹತ್ತಿರ ಅವರ ಹೆಂಡತಿ ಬಂದರೆ ಹೆಂಗಸರು ಹಗ್ಗ ಎಳೆದುಕೊಂಡು ಆಚೆ ಸರಿಯುತ್ತಿದ್ದರು. ಒಂದು ಮಧ್ಯಾಹ್ನ ಆಕೆ ನನ್ನ ಬಾಗಿಲಿಗೆ ಬಂದು ನಿಂತಳು.

"ವೈನಿ, ನೀವರ ಒಂದ ಮಾತ ಹೇಳ್ರಿ. ನೀವು ಹೇಳಿದ್ರ ಕೇಳ್ತಾರ."

ನನಗೆ ಏನೂ ಗೊತ್ತಿಲ್ಲ ಎಂದೆ. ನನ್ನ ಹಣೆಯ ಕುಂಕುಮವನ್ನು ಅಳಿಸಬೇಕೋ ಇಟ್ಟುಕೊಳ್ಳಬೇಕೋ ಎಂದು ಕೂಡ ಆಗ ನನಗೆ ಯಾರೂ ಹೇಳುವವರಿರಲಿಲ್ಲ. ಆದರೆ ಅದು ನೆಪ. ಬೇಸಿಗೆಯಲ್ಲಿ ಅವರು ಮನೆ ಖಾಲಿ ಮಾಡಿ ಗಂಗಾವತಿಗೆ ಹೋದರು.

ಮಳೆಗಾಲ ಮುಗಿಯುವಾಗ ಹಳ್ಳದ ಆಚೆಯ ಸರ್ಕಾರದ ದಂಡು ಬಂತು, ನಿಜಾಮರ ಆಳಿಕೆ ಹೋಯಿತು. ಗಜೇಂದ್ರಗಡದ ಆಚೆ ಮೈದುನರು, ಭಾವನವರು ಸೇರಿ ಇವರ ಹೆಸರಿನ ಕ್ರಿಯೆ ಮಾಡಿದರು. ಹೆಣವಿಲ್ಲದ ಕ್ರಿಯೆ. ಅದಕ್ಕೆ ನಾನು ಬಂಡಿಯಲ್ಲಿ ಹೋದೆ. ಹಳ್ಳದ ಹತ್ತಿರ ಗಳ ಕೆಳಗೆ ಬಿದ್ದಿತ್ತು, ಯಾರೋ ಅದಕ್ಕೆ ಎಮ್ಮೆ ಕಟ್ಟಿದ್ದರು. ನೀನು ಎಲ್ಲಿಯವಳು ಎಂದು ಯಾರೂ ಕೇಳಲಿಲ್ಲ. ಬಂಡಿ ದಾಟಿ ಹೋಯಿತು.

ಮರುವರ್ಷ ಗಂಗಾವತಿಗೆ ಹೋದೆ. ಗೆಳೆಯರು ಮನೆಯ ಮುಂದೆ ಗಾಡಿ ತೊಳೆಯುತ್ತಿದ್ದರು. ತಲೆ ಬಹಳ ಬೆಳ್ಳಗಾಗಿತ್ತು. ನಾನು ನಿಂತಲ್ಲಿಯೇ ಹೇಳಿದೆ: ಜವಾನರು ಬಂದದ್ದು, ವತನ ಕೇಳಿದ್ದು, ನಾನು ಹೊಲವೆಂದು ತಿಳಿದು ಹೇಳಿದ್ದು, ಆಮೇಲೆ ಗೊತ್ತಾಗಿಯೂ ಸುಮ್ಮನಿದ್ದದ್ದು. ಅವರು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಕೇಳಿದರು.

"ಅವಂಗ ಗೊತ್ತಿತ್ತೇನು?"

"ಇಲ್ಲ."

"ಹೋಗೂ ಮುಂದನೂ?"

"ಹೇಳಲಿಲ್ಲ."

ಅವರು ಹಿಂಡಿದ ಬಟ್ಟೆಯನ್ನು ಮತ್ತೆ ಬಕೀಟಿಗೆ ಬಿಟ್ಟರು. "ಹಂಗಾರ ಅವ ನನ್ನ ಮ್ಯಾಲ ಸಿಟ್ಟ ಇಟಗೊಂಡ ಹೋದ," ಎಂದರು.

ನಾನು ಕಾಲು ಮುಟ್ಟಲು ಬಗ್ಗಿದೆ. ಅವರು ಹಿಂದೆ ಸರಿದರು.

"ನನಗ ಹೇಳಿ ಏನ ಮಾಡೂದೈತಿ ವೈನಿ. ನಾ ಏನ ಮಾಡಿಲ್ಲಂತ ನನಗ ಗೊತ್ತೈತಿ. ಕುಷ್ಟಗ್ಯಾಗ ಹೇಳ್ರಿ."

ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನನಗೆ ನೀರು ಬೇಕೇ ಎನ್ನಲಿಲ್ಲ.

ಮರುದಿನ ಕುಷ್ಟಗಿಯಲ್ಲಿ ಮೊದಲು ಮೂಲೆಮನೆಯ ಮುದುಕಿಗೆ ಹೇಳಿದೆ. ಆಕೆ ಕೇಳಿ, ಎಲ್ಲ ಮುಗಿದು ಹೋಗಿದೆ, ಈಗ ಯಾಕೆ ಬಿಡು ಎಂದಳು. ನಾನು ಎದ್ದು ಮುಂದಿನ ಮನೆಗೆ ಹೋದೆ. ಅಲ್ಲಿ ಒಬ್ಬಾಕೆ ಅತ್ತಳು, ಒಬ್ಬಾಕೆ ನನ್ನನ್ನು ಮೇಲೆ ಕೆಳಗೆ ನೋಡಿ ಒಳಗೆ ಹೋದಳು. ನಮ್ಮ ಸಾಲಿನಲ್ಲಿ ಏಳು ಮನೆ. ಅಂದು ನಾಲ್ಕು ಮನೆಗೆ ಹೋಗಲು ಆಯಿತು.