ಮಾನಪ್ಪನ ಮೂರು ಏಟು

ಮಾನಪ್ಪ ಆ ದಿನ ನಕ್ಕಿದ್ದನೋ ಇಲ್ಲವೋ ಎಂಬುದೂ ನನಗೆ ಖಾತ್ರಿಯಿಲ್ಲ. ಕಮಲಾಪುರದ ಚಾವಡಿಯಲ್ಲಿ ನಾನೇ ನಿಂತು ನೋಡಿದೆನೋ, ಮನೆಯವರು ಹೇಳಿದ್ದನ್ನು ಕೇಳಿ ಕೇಳಿ ಕಂಡಂತಾಯಿತೋ, ಆಣೆ ಮಾಡಿ ಹೇಳಲಾರೆ. ಅವನ ಹೆಬ್ಬೆರಳಿನ ಉಗುರು ಮಾತ್ರ ಮರೆತಿಲ್ಲ. ದಪ್ಪ, ಹಳದಿ, ತುಂಬ ಗೀರು. ಕುಡುಗೋಲಿರಲಿ, ಕೊಡಲಿಯಿರಲಿ, ಅದರ ಹರಿತವಾದ ಅಂಚಿನ, ಅಂದರೆ ಬಾಯಿಯ ಮೇಲೆ ಉಗುರೆಳೆದೇ ಮಾತು ಶುರುಮಾಡುತ್ತಿದ್ದ ಕಮ್ಮಾರ ಅವನು. ತಾನು ಹದ ಹಾಕಿದ ಅಲಗನ್ನು ಇನ್ನೊಂದರ ಬಾಯಿಗೆ ಹೊಡೆದು ನೋಡದೆ ಗಿರಾಕಿಗೆ ಕೊಡುತ್ತಿರಲಿಲ್ಲ. ಏಟಿಗೆ ಬಾಯಲ್ಲಿ ಬಿದ್ದ ಗಾಯ, ಅಂದರೆ ಕಚ್ಚು, ಆಳವಾದರೆ ಹದ ಮೆತ್ತಗೆ. ಚೂರು ಎಗರಿದರೆ ಬಿರುಸು.

"ಕಣ್ಣಿಗೆ ಮೋಸ ಆಗ್ತದ ತಮ್ಮಾ, ಉಗುರಿಗೆ ಆಗಂಗಿಲ್ಲ" ಎನ್ನುತ್ತಿದ್ದ. ಬಿ.ಎ. ಓದುತ್ತಿದ್ದ ನನ್ನ ಉಗುರು ಶಾಯಿಗಷ್ಟೇ ಲಾಯಕ್ಕು ಎಂದು ಚಾಷ್ಟಿ ಮಾಡುತ್ತಿದ್ದ.

ರಜಾಕಾರರನ್ನು ಅಡಗಿಸಿದ ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಮನೆಮನೆಯ ಆಯುಧಗಳನ್ನು ಚಾವಡಿಗೆ ತರಿಸಿದರು. ನನ್ನ ಕಾಕಾ ಪುರವಂತ. ವೀರಭದ್ರನ ಗುಗ್ಗಳದ ಮೆರವಣಿಗೆಯ ಮುಂದೆ ಒಡಪು ಹೇಳಿ ಕುಣಿಯುವವ. ಅವನ ಖಡ್ಗದಲ್ಲಿ ಎರಡು ಕಚ್ಚು ಕಂಡ ಅಧಿಕಾರಿ, ಗಲಭೆಯಲ್ಲಿ ಯಾರ ಮೇಲೆ ಬೀಸಿದೆ ಎಂದು ಕೇಳಿದ. ಕುಣಿಯುವಾಗ ಜೊತೆಗಾರನ ಖಡ್ಗ ತಾಗಿ ಆದದ್ದು ಎಂದ ಕಾಕಾ. ಆ ಜೊತೆಗಾರ ರಜಾಕಾರರಿಗೆ ಹೆದರಿ ಖಡ್ಗಸಮೇತ ಸೋಲಾಪುರದ ಕಡೆ ಓಡಿಹೋದವನು ತಿರುಗಿ ಬಂದಿರಲಿಲ್ಲ. ಕಾಕಾನನ್ನು ಕಲಬುರಗಿಯ ಜೈಲಿಗೆ ಒಯ್ಯುವ ಲಾರಿ ಹೊರಗೆ ನಿಂತಿತ್ತು.

ಕಚ್ಚು ಏತರಿಂದ ಆದವೆಂದು ಪರೀಕ್ಷಿಸಿ ಹೇಳಲು ಮಾನಪ್ಪನನ್ನು ಕರೆಸಿದರು. ಮೊದಲು ತುಕ್ಕು ಹೋಗಬೇಕು ಎಂದು ಅವನು ಎಣ್ಣೆ, ಇಟ್ಟಂಗಿ ಪುಡಿ ಹಚ್ಚಿ ಖಡ್ಗವನ್ನು ಬೆಳ್ಳಗೆ ತಿಕ್ಕಿದ. ಉಗುರೆಳೆದ. ಆಮೇಲೆ ತನ್ನದೇ ಒಳ್ಳೆಯ ಅಲಗೊಂದನ್ನು ಕಟ್ಟಿಗೆಗೆ ಬಿಗಿದು, ಬಾಯಿಗೆ ಬಾಯಿ ತಾಗುವಂತೆ ಕಾಕಾನ ಖಡ್ಗದಿಂದಲೇ ಮೂರು ಏಟು ಹಾಕಿದ. ಮತ್ತೊಮ್ಮೆ ಪುಡಿ ತಿಕ್ಕಿದ.

"ಅಲಗಿಗೆ ಅಲಗು ತಾಗಿದ್ರ ಹಿಂಗ ಕಚ್ಚು ಬೀಳ್ತಾವ. ಈಗ ಐದು ಅವ ನೋಡ್ರಿ ಸಾಹೇಬ್ರ. ಹಳೇವು ಯಾವು, ಹೊಸವು ಯಾವು, ನೀವ ಹೇಳ್ರಿ."

ಅಧಿಕಾರಿ ತಿರುಗಿಸಿ ತಿರುಗಿಸಿ ನೋಡಿದ. ಹೇಳಲಾಗಲಿಲ್ಲ. ಅಷ್ಟರಲ್ಲಿ ಮಾನಪ್ಪ ತನ್ನ ಅಲಗನ್ನು ಗೋಣಿಯಲ್ಲಿ ಸುತ್ತಿಬಿಟ್ಟಿದ್ದ. ಅಧಿಕಾರಿ ಕಾಕಾನ ಮಾತನ್ನೇ ಬರೆದುಕೊಂಡು, ದೇವರ ಖಡ್ಗವೆಂದು ಅದನ್ನೂ ಮರಳಿಸಿ, ಅವನನ್ನು ಬಿಟ್ಟ.

ಆಗಿನಿಂದಲೇ ನನಗೆ ಅನುಮಾನ ಹತ್ತಿತು. ಕುಣಿತದ ಕಚ್ಚಿಗೂ ಕಾದಾಟದ ಕಚ್ಚಿಗೂ ಭೇದವೇನು? ಮಾನಪ್ಪ ಪರೀಕ್ಷೆ ಮಾಡಿದನೋ, ಸಾಕ್ಷಿಯನ್ನು ಅಳಿಸಿದನೋ? ಕಾಕಾನನ್ನು ಕೇಳುವ ಧೈರ್ಯ ಅವನಿರುವ ತನಕ ಬರಲಿಲ್ಲ.

ವರ್ಷಗಳ ನಂತರ, ಕಲಬುರಗಿಯ ಬ್ರಹ್ಮಪುರದಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಮಾನಪ್ಪನನ್ನು ಕೇಳಿದೆ: ಹಳೆಯ ಎರಡು ಎಲ್ಲಿಂದ ಬಂದಿದ್ದವು?

"ನಾ ಕೇಳಲಿಲ್ಲ ತಮ್ಮಾ. ಕೇಳಿದ್ರ ಕೈ ನಡಗ್ತಿತ್ತು."

ಅದೇ ಕೊನೆಯ ಭೇಟಿ. ಅವನು ಹೋದ ಮೇಲೆ ಮಗಳು, ಚಾವಡಿಯಲ್ಲಿ ಅವನು ಗೋಣಿಯಲ್ಲಿ ಸುತ್ತಿಟ್ಟ ಆ ಅಲಗನ್ನು ನನಗೆ ಕೊಟ್ಟಳು. ಕಾಕಾನ ಖಡ್ಗಕ್ಕೆ ಬಾಯಿಗೆ ಬಾಯಿ ಹಚ್ಚಿ, ಉಗುರೆಳೆದು ನೋಡಿದೆ. ಅಲಗಿನ ಮೂರು ಕಚ್ಚು ಖಡ್ಗದ ಮೂರಕ್ಕೆ ಕೂತವು. ಹಳೆಯ ಎರಡರ ನಡುವೆ, ಅಳೆದಿಟ್ಟಂತೆ ಸಮ ಅಂತರದಲ್ಲಿ. ಮಾನಪ್ಪನ ಕೈ ನಡುಗಿರಲಿಲ್ಲ.