ಪೋಸ್ಟರಿನಲ್ಲಿದ್ದ ನಾನು

ಹೋದ ವರ್ಷ ಮೆಲ್ಬರ್ನ್‌ನ ಒಂದು ಎಲೆಕ್ಟ್ರಾನಿಕ್ ಸಂಗೀತ ಉತ್ಸವದಲ್ಲಿ ನಾನು ಡಿಜೆ ಮಾಡಿದ್ದೆ. ಗೇಟು ತೆರೆದ ಮೊದಲ ಅರ್ಧ ಗಂಟೆ ಲೋಕಲ್ ಕಲಾವಿದರದ್ದು. ಕೇಳಲು ಬಂದವರು ಹತ್ತಿಪ್ಪತ್ತು ಜನ. ಅವರಲ್ಲಿ ಒಬ್ಬರು ಟ್ರುಗನಿನಾ ಬಡಾವಣೆಯ ನಮ್ಮ ಪಕ್ಕದ ಮನೆಯ ಹುಬ್ಬಳ್ಳಿ ಆಂಟಿ, ಡಬ್ಬಿ ತುಂಬ ಒಗ್ಗರಣೆ ಅವಲಕ್ಕಿ ತಂದಿದ್ದರು. ಉತ್ಸವದ ಫೋಟೋಗ್ರಾಫರ್ ಮಾತ್ರ ನನ್ನನ್ನು ಬಿಟ್ಟು ಕದಲಲೇ ಇಲ್ಲ.

ಈ ವರ್ಷ ಅರ್ಜಿ ಹಾಕಿದರೆ ಜಾಗ ಇಲ್ಲ ಅಂತ ಮೇಲ್ ಬಂತು. ವಾರ ಕಳೆದು ಟ್ರಾಮ್ ಸ್ಟಾಪಿನಲ್ಲಿ ನೋಡುತ್ತೇನೆ, ಉತ್ಸವದ ಪೋಸ್ಟರ್ ತುಂಬ ನನ್ನದೇ ಮುಖ. ಕೆಳಗಿದ್ದ ಹೆಸರುಗಳೆಲ್ಲ ಯುರೋಪಿನವರದ್ದು. ಫೋನ್ ಮಾಡಿದೆ. ಆಯೋಜಕಿ ಬಹಳ ಮೃದುವಾಗಿ ಹೇಳಿದಳು, "ನಮ್ಮ ಸಿಟಿಯಲ್ಲಿ ಎಲ್ಲ ಬಣ್ಣದವರೂ ಇದ್ದಾರೆ ಅಂತ ಆ ಫೋಟೋ ಚೆನ್ನಾಗಿ ತೋರಿಸುತ್ತೆ."

"ಹಾಗಾದರೆ ನಾನು?"

"ನಿಮಗೊಂದು ಫ್ರೀ ಟಿಕೆಟ್ ಕಳಿಸ್ತೀವಿ."

ಸಂಜೆ ಆಂಟಿ ಬೇಲಿಯಾಚೆಯಿಂದ ಕೇಳಿದರು, "ಪೋಸ್ಟರ್ ನೋಡೀನವಾ. ನಿನ್ನ ಪ್ರೋಗ್ರಾಮ್ ಎಷ್ಟಕ್ಕೈತಿ? ಅವಲಕ್ಕಿ ಮಾಡ್ಕೊಂಡು ಬರ್ತೀನಿ."

ನಡೆದದ್ದನ್ನು ಹೇಳಿದೆ. ಅವರು ಒಣಗಿದ ಬಟ್ಟೆ ಮಡಚಿ ಬುಟ್ಟಿಗೆ ಹಾಕಿದರು.

"ಫೋಟೋ ಇಟ್ಟು ಮನಷ್ಯಾರ್ನ ಕರೀದ ಇರೂದು ನಮ್ಮ ಕಡೆ ಸತ್ತೋರಿಗೆ ಅಷ್ಟ," ಅಂದರು. "ಹಾರಗೀರ ಏನರ ಹಾಕ್ಯಾರೇನು, ನೋಡಿ ಬಾ."