ಅಂಟು ಬಿಟ್ಟ ಹಡಗು

ಇದನ್ನು ಹೇಳುವುದನ್ನು ಇಪ್ಪತ್ತು ವರ್ಷ ಮುಂದೂಡಿದೆ. ಪುಣೆಯ ಕೊಂಢವಾದಲ್ಲಿ ನಮ್ಮ ಎದುರುಮನೆಯ ಬಡಗಿ, ಕಣ್ಣು ಪೂರ್ತಿ ಹೋಗುವ ಮುನ್ನ ನೋಡಬೇಕೆಂದು, ಮರಾಠರ ಕಾಲದ ಹಾಯಿಹಡಗಿನ ಮಾದರಿಯೊಂದನ್ನು ಮೂರು ವರ್ಷ ಕೂತು ಮಾಡಿದರು. ತೇಗದ ಪಟ್ಟಿಗಳನ್ನು ಚಹಾ ಕೆಟಲಿನ ಹಬೆಗೆ ಹಿಡಿದು, “ಗಡಬಡ ಬ್ಯಾಡ್ರಿ, ತಾನಾಗೇ ಬಾಗ್ತದ,” ಎನ್ನುತ್ತಿದ್ದರು.

ಊರಿಗೆ ಹೋಗುವಾಗ ಹಡಗನ್ನು ನನ್ನ ಬಳಿ ಬಿಟ್ಟರು. ಅಲ್ಲಿನ ರೂಢಿಯಂತೆ ದೀಪಾವಳಿಗೆ ಅಂಗಳದಲ್ಲಿ ಕಟ್ಟಿದ್ದ ಮಣ್ಣಿನ ಆಟದ ಜಲದುರ್ಗದ ಸುತ್ತಲಿನ ನೀರಿಗೆ, ಮೆರೆಯುವ ಆಸೆಯಿಂದ, ನಾನು ಅದನ್ನು ಇಳಿಸಿದೆ. ಸಂಜೆಯೊಳಗೆ ಅಂಟು ಕರಗಿ ಪಟ್ಟಿಗಳು ಬಿಚ್ಚಿಕೊಂಡವು.

ಅವರು ಮರಳಿದಾಗ ನೆರೆಯವರೆದುರು ನಾನೇ ಚುಚ್ಚಿದೆ: “ಎಂಥಾ ಹಡಗ್ರೀ ಮಿಸ್ತ್ರಿ, ಒಂದ ದಿನಾ ತೇಲಲಿಲ್ಲ!” ಎಲ್ಲರೂ ನಕ್ಕರು.

“ನಾ ನೋಡ್ಲಿಕ್ಕಂತ ಮಾಡಿದ್ದೆರಿ,” ಎಂದು ಅವರು ಪಟ್ಟಿಗಳನ್ನು ತಡವಿ ತಡವಿ ಆರಿಸಿಕೊಂಡರು.

ಮರುದಿನ ಅವನ್ನೇ ಉರಿಸಿ ಚಹಾ ಕಾಸಿ ನನಗೂ ಕಳಿಸಿದರು. ಕುಡಿದೆ. ಕ್ಷಮೆ ಮಾತ್ರ ಆ ಬಡಗಿಯನ್ನು ಕೇಳಲೇ ಇಲ್ಲ.